ಸೆರಗಿಲ್ಲದ ಉಡುಪು

ನಾನು ಒಂದು ಈಜುಡುಗೆ. ಅದೂ ಹೆಂಗಸರದು. ಹೇಳುವಾಗಲೇ ತಲೆ ತಗ್ಗುತ್ತದೆ, ಏನು ಮಾಡಲಿ? ಹುಟ್ಟಿದ್ದು ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ನೀಲಿ ನೈಲಾನ್ ಬಟ್ಟೆ, ಮಂಡಿಯವರೆಗೆ ಕಾಲು, ಸೊಂಟದ ಸುತ್ತ ಗೇಣುದ್ದದ ಫ್ರಿಲ್ಲು. ನನ್ನನ್ನು ಹೊಲಿದ ಹುಡುಗಿ ಕೊನೆಯ ದಾರ ಕತ್ತರಿಸಿ, ಮೇಲೆತ್ತಿ ಹಿಡಿದು, "ಅಯ್ಯಪ್ಪಾ, ಇದನ್ನ ಹಾಕ್ಕೊಂಡು ನಾಲ್ಕು ಜನರ ಮುಂದೆ ಹೆಂಗೆ ನಿಲ್ತಾರೋ!" ಎಂದು ಕಿಸಕ್ಕನೆ ನಕ್ಕಳು. ನಾನು ಕೇಳಿದ ಮೊದಲ ಮಾತೇ ಅದು.

ಹುಬ್ಬಳ್ಳಿಯ ಅಂಗಡಿಯಲ್ಲಿ ಗಂಡಸರ ಈಜುಚಡ್ಡಿಗಳನ್ನು ಬಾಗಿಲಿಗೇ ತೂಗುಹಾಕಿದ್ದರು. ನನ್ನನ್ನು ಮಾತ್ರ ಡಬ್ಬಿಯಲ್ಲಿ ಮುಚ್ಚಿ ಕೌಂಟರಿನ ಕೆಳಗೆ ಇಟ್ಟಿದ್ದರು. ಕೊಂಡವಳು ಇಂದುಮತಿ ಬೆಳವಡಿ. ವಿಮಾ ಕಚೇರಿಯಲ್ಲಿ ಕೆಲಸ, ಐವತ್ತರ ಹತ್ತಿರದ ವಯಸ್ಸು, ಮೊಣಕಾಲು ನೋವು. ಡಾಕ್ಟರು ಈಜು ಕಲಿಯಿರಿ ಎಂದಿದ್ದರು. "ಅದು ಐತೇನ್ರಿ... ಹೆಣ್ಮಕ್ಕಳದು?" ಎಂದು ಕೇಳುವಷ್ಟರಲ್ಲಿ ಪಾಪ ಬೆವತುಹೋಗಿದ್ದಳು. ಅವಳು ಎನ್ನುತ್ತಿದ್ದೇನೆಂದು ಬೈಯಬೇಡಿ. ಮೈಗೆ ಅಂಟಿಕೊಂಡಿದ್ದ ನನಗೆ ಬಹುವಚನ ಬಾಯಿಗೆ ಬರುವುದಿಲ್ಲ.

ಮನೆಯಲ್ಲಿ ನನ್ನನ್ನು ಹಿತ್ತಲ ತಂತಿಯ ಮೇಲೆ ಲಂಗದ ಅಡಿಯಲ್ಲಿ ಒಣಹಾಕುತ್ತಿದ್ದಳು. ನೆರೆಯವರು ಕಂಡರೆ? ಗಂಡ ಶಿವಾನಂದ ಒಳ್ಳೆಯ ಮನುಷ್ಯ, ಆದರೆ ನನ್ನ ಹೆಸರು ಹೇಳಲು ಅವನಿಗೂ ಸಂಕೋಚ. "ನಿಂದು ಅದು ಒಣಗೇತಿ ನೋಡು" ಎನ್ನುತ್ತಿದ್ದ. ಅರ್ಧ ಒಣಗಿ, ಮುಗ್ಗಲು ವಾಸನೆ ಹೊಡೆಯುತ್ತ, ನಾನು ನಾಚಿಕೆಯಿಂದ ಮುದುಡಿ ಬ್ಯಾಗು ಸೇರುತ್ತಿದ್ದೆ.

ಮೊಣಕಾಲು ನೋವು ಹೋಯಿತು. ಈಜಿನ ಹುಚ್ಚು ಹಿಡಿಯಿತು. ಹೆಂಗಸರ ಬ್ಯಾಚಿನ ಕೋಚ್ ಜುಬೇದಾ ಮೇಡಂ ಅವಳನ್ನು ಗಮನಿಸಿದರು. ವಯಸ್ಕರ ರಾಜ್ಯಮಟ್ಟದ ಸ್ಪರ್ಧೆಗೆ ಹೆಂಗಸರ ರಿಲೇ ತಂಡ ಕಟ್ಟಬೇಕಿತ್ತು. ಒಬ್ಬೊಬ್ಬರೂ ಐವತ್ತು ಮೀಟರ್ ಫ್ರೀಸ್ಟೈಲ್ ಈಜಬೇಕು. ಮೂವರು ಸಿಕ್ಕಿದ್ದರು, ನಾಲ್ಕನೆಯವಳು ಇಂದುಮತಿ. ಇನ್ನಷ್ಟು ವೇಗ ಬಂದರೆ ಮಾತ್ರ ಪದಕದ ಆಸೆ. ತಲೆ ಎತ್ತದೆ ಈಜುವುದು, ಉಸಿರಿಗೆ ಕಡಿಮೆ ಸಲ ಹೊರಳುವುದು, ಪಾದ ಸಡಿಲ ಬಿಟ್ಟು ಒದೆಯುವುದು, ಒಂದೇ ಉಸಿರಿಗೆ ನುಗ್ಗಿ, ದಣಿವಾರಿಸಿಕೊಂಡು, ಮತ್ತೆ ನುಗ್ಗುವುದು. ಎಲ್ಲ ಕಲಿತಳು. ಸ್ವಲ್ಪ ದಿನ ಟೈಮು ಇಳಿಯಿತು, ಆಮೇಲೆ ಜಪ್ಪಯ್ಯ ಎಂದರೂ ಇಳಿಯಲಿಲ್ಲ.

"ಮೇಡಂ, ನಿಮ್ಮ ಫ್ರಿಲ್ಲು ನೀರಾಗ ಛತ್ರಿ ಬಿಚ್ಚಿದಂಗ ಬಿಚ್ಚತೈತಿ. ನಿಮ್ಮನ್ನ ಹಿಂದಕ್ಕ ಜಗ್ಗತೈತಿ. ಕತ್ತರಿಸಿ ಒಗೀರಿ ಅದನ್ನ" ಎಂದರು ಜುಬೇದಾ.

"ಅಯ್ಯ, ಬ್ಯಾಡ್ರಿ! ಅದೊಂದರ ಇರಲಿ. ಮಾನಾ ಕಾಯತೈತಿ."

ನನಗೆ ನೀರಲ್ಲೇ ಮುಳುಗಿ ಸಾಯುವಂತಾಯಿತು. ಅವಳ ಮಾನ ಕಾಯುತ್ತೇನೆಂದು ಬಂದು, ಅವಳ ಕಾಲೆಳೆಯುತ್ತಿದ್ದೆನಲ್ಲ!

ಸ್ಪರ್ಧೆ ಬೆಂಗಳೂರಿನಲ್ಲಿ. ಗಂಡ ಹೆಂಡತಿ ಇಳಿದುಕೊಂಡದ್ದು ಶಿವಾನಂದನ ಅಣ್ಣ ಗುರುಪಾದಪ್ಪನವರ ಮನೆಯಲ್ಲಿ. ಆ ಮನೆತನದಲ್ಲಿ ಒಂದು ರೂಢಿ. ತಮ್ಮನ ಹೆಂಡತಿ ಭಾವನ ಎದುರು ತಲೆಯ ಮೇಲೆ ಸೆರಗಿಲ್ಲದೆ ಬರುವಂತಿಲ್ಲ. ಭಾವನೂ ಅವಳ ಜೊತೆ ನೇರವಾಗಿ ಮಾತಾಡುವಂತಿಲ್ಲ, ಏನಿದ್ದರೂ ತನ್ನ ಹೆಂಡತಿಯ ಮೂಲಕ. ಅಂಥ ಭಾವ, "ನಾನೂ ನೋಡಾಕ ಬರ್ತೀನಿ" ಎಂದು ತಮ್ಮನಿಗೆ ಹೇಳಿಬಿಟ್ಟರು. ಇಂದುಮತಿಯ ಎದೆ ಧಸಕ್ಕೆಂದಿತು. ಅದರ ಬಡಿತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊದಲ ದಿನ ಒಬ್ಬೊಬ್ಬರಾಗಿ ಈಜುವ ಸ್ಪರ್ಧೆ. ನೀರಿಗೆ ಹಾರಲು ಕೊಳದಂಚಿನ ಕಟ್ಟೆ ಹತ್ತಿ ಬಗ್ಗಿದಳು. ಅಷ್ಟರಲ್ಲಿ ಗ್ಯಾಲರಿಯಲ್ಲಿ ಭಾವನ ಬಿಳಿ ಟೋಪಿ ಕಂಡಿತು. ಕಂಡದ್ದೇ ತಡ, ಅವಳ ಬಲಗೈ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಹೋಯಿತು.

ಸೆರಗೆಲ್ಲಿದೆ? ಕೈ ಈಜುಟೋಪಿಯ ರಬ್ಬರಿನ ಮೇಲೆ ತಡಕಾಡಿತು, ಹೆಗಲಿಗೆ ಬಂತು, ಬೆನ್ನಿಗೆ ಹೋಯಿತು. ಅಷ್ಟರಲ್ಲಿ ಹಾರ್ನ್ ಆಗಿ ಉಳಿದವರೆಲ್ಲ ನೀರಿನಲ್ಲಿದ್ದರು. "ಹಾರ್ರೀ!" ಎಂದು ಜುಬೇದಾ ಕಿರುಚಿದರು. ಯಾರೋ ಗೊಳ್ಳೆಂದು ನಕ್ಕರು. ಹೊಟ್ಟೆ ನೀರಿಗೆ ಬಡಿಯುವಂತೆ ಧೊಪ್ಪೆಂದು ಬಿದ್ದಳು. ಎಲ್ಲರಿಗಿಂತ ಕೊನೆಗೆ ಗೋಡೆ ಮುಟ್ಟಿದಳು. ಅವಳು ಹುಡುಕಿದ್ದು ನನ್ನ ಮೈಮೇಲೆ. ಕೊಡಲು ನನ್ನಲ್ಲಿ ಒಂದು ಚೂರು ಸೆರಗೂ ಇರಲಿಲ್ಲ. ಅಂಥ ನಾಚಿಕೆ ಯಾವ ಬಟ್ಟೆಗೂ ಬೇಡ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿಕ್ಕಿಬಿಕ್ಕಿ ಅತ್ತಳು. "ನಾಳೆ ರಿಲೇದಾಗ ನನ್ನ ಬಿಟ್ಟುಬಿಡ್ರಿ. ನನ್ನ ಸಲುವಾಗಿ ಆ ಮೂವರ ಮಾನಾನೂ ಹೋಗತೈತಿ."

"ನಾಲ್ಕನೇದಾಕಿ ಇಲ್ಲಂದ್ರ ತಂಡಾನ ಇಲ್ಲ" ಎಂದರು ಜುಬೇದಾ. "ನಾಳೆ ಮೊದಲ ಹಾರಾಕಿ ನೀವ."

ಸಂಜೆ ನಾನು ಭಾವನ ಮನೆಯ ಬಚ್ಚಲಿನ ಬಾಗಿಲ ಹಿಂದೆ ನೇತಾಡುತ್ತಿದ್ದೆ. ಊಟಕ್ಕೆ ಕುಳಿತವರ ಮಾತು ಅಲ್ಲಿಗೆ ಕೇಳುತ್ತಿತ್ತು. ಗುರುಪಾದಪ್ಪನವರು ಹೆಂಡತಿಗೆ ಹೇಳಿದರು.

"ಆಕಿಗೆ ಹೇಳು, ನಾನೇನೂ ನೋಡಲಿಲ್ಲ. ತಮ್ಮನ ಹೇಣ್ತಿನ್ನ ಹಂಗ ಹೆಂಗ ನೋಡೋದು ಅಂತ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ದೆ. ಮಂದಿ ಒದರಿದಾಗ ನಾನೂ ಒದರಿದೆ." ಮತ್ತೆ ಅಂದರು, "ಅಷ್ಟು ದೂರ ಹೋಗಿ ಗ್ವಾಡಿ ನೋಡಿ ಬಂದೆ. ನಾಚಿಕಿ ಆತು ನನಗ. ನಾಳೆ ನೀರಿನ ಕಡೆ ನೋಡ್ತೀನಿ ಅಂತ ಹೇಳು."

ಇಂದುಮತಿ ಪಾತ್ರೆ ಎತ್ತಿಟ್ಟು ಬಚ್ಚಲಿಗೆ ಬಂದಳು, ಕೈಯಲ್ಲಿ ಕತ್ತರಿ. ಫ್ರಿಲ್ಲನ್ನು ಸುತ್ತಲೂ ಕತ್ತರಿಸಿದಳು. ನಾನು ಬತ್ತಲಾದೆ ಎಂದು ನಡುಗಿದೆ. ಅವಳು ಮಾತ್ರ ಆ ಫ್ರಿಲ್ಲನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದಳು.

ಮರುದಿನ ಕಟ್ಟೆ ಹತ್ತಿದಾಗ ಒಮ್ಮೆ ಗ್ಯಾಲರಿಯತ್ತ ನೋಡಿದಳು. ಭಾವ ನೀರಿನ ಕಡೆಗೇ ಮುಖ ಮಾಡಿ ಕುಳಿತಿದ್ದರು. ಅವಳ ಬಲಗೈ ಬೆರಳು ಒಂದು ಗಳಿಗೆ ಮಿಸುಕಿತು. ಎರಡೂ ಕೈಯಿಂದ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದಳು. ಹಾರ್ನ್ ಆಯಿತು. ಎಲ್ಲರಿಗಿಂತ ಮೊದಲು ಹಾರಿದವಳು ನನ್ನ ಇಂದುಮತಿ. ನೀರು ನಮ್ಮನ್ನು ಎಲ್ಲಿಯೂ ಹಿಡಿದು ಜಗ್ಗಲಿಲ್ಲ. ಗೋಡೆ ಮುಟ್ಟಿ ತಲೆಯೆತ್ತಿದಾಗ ಜುಬೇದಾ ಸ್ಟಾಪ್‌ವಾಚ್ ಎತ್ತಿ ಹಿಡಿದು ಕುಣಿಯುತ್ತಿದ್ದರು. ಅಂಥ ಟೈಮು ಅವಳಿಗೆ ಎಂದೂ ಬಂದಿರಲಿಲ್ಲ. ತಂಡ ನಾಲ್ಕನೆಯದಾಯಿತು, ಪದಕ ಸಿಗಲಿಲ್ಲ. ಆ ಮೂವರು ಮಾತ್ರ ಅವಳನ್ನು ತಬ್ಬಿಕೊಂಡು ಬಿಡಲೇ ಇಲ್ಲ.

ಟವೆಲ್ಲು ದೂರದಲ್ಲಿತ್ತು. ಗುರುಪಾದಪ್ಪನವರು ಕಂಬಿಯ ಹತ್ತಿರ ಇಳಿದು ಬಂದಿದ್ದರು. ಅವಳು ನೀರು ಸೋರುತ್ತ, ಸೆರಗಿಲ್ಲದ ತಲೆಯಲ್ಲಿ, ಅವರ ಎದುರೇ ನಿಂತಳು. ಹೆಂಡತಿ ಪಕ್ಕದಲ್ಲಿದ್ದರೂ ಅವರು ಹೆಂಡತಿಗೆ ಹೇಳಲಿಲ್ಲ.

"ಇಂದುಮತಿ, ಎಷ್ಟು ಜೋರ ಹೋದೆವಾ! ನನಗ ಇಲ್ಲಿ ಉಸರ ಕಟ್ಟಿತ್ತು."

ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಅವಳ ಹೆಸರು ಹಿಡಿದು ಮಾತಾಡಿದ್ದು ಅದೇ ಮೊದಲು. ಅವರ ಕಣ್ಣು ಅವಳ ಮುಖದ ಮೇಲೇ ಇತ್ತು. ನನ್ನ ಕಡೆ ಹೊರಳಲೇ ಇಲ್ಲ.

ಈಗ ನನಗೆ ವಯಸ್ಸಾಗಿದೆ. ಕ್ಲೋರಿನ್ ನೀರಿಗೆ ಬಣ್ಣ ಹೋಗಿ, ಹಿಂಭಾಗ ತೆಳ್ಳಗಾಗಿ, ಎಲಾಸ್ಟಿಕ್ ಜೋತುಬಿದ್ದಿದೆ. ನೈಲಾನ್ ಆದ್ದರಿಂದ ನೆಲ ಒರೆಸಲೂ ಬಾರದ ಬಟ್ಟೆ ನಾನು. ಹಳೆಯ ಸ್ವೆಟರುಗಳ ಅಡಿಯಲ್ಲಿ ಟ್ರಂಕಿನೊಳಗೆ ಬಿದ್ದಿದ್ದೇನೆ. ಅವಳು ಹೊಸದು ಕೊಂಡು ಇನ್ನೂ ಈಜುತ್ತಾಳೆ. ಜಗತ್ತೆಲ್ಲ ನನ್ನನ್ನೇ ನೋಡುತ್ತದೆ ಎಂದು ಎಷ್ಟು ಮುದುಡಿದ್ದೆ! ಯಾರೂ ನೋಡುತ್ತಿರಲಿಲ್ಲ. ಆ ನಾಚಿಕೆ ನನ್ನದು. ಅಷ್ಟು ದಿನ ನನ್ನ ಜೊತೆಗೆ ಅದನ್ನೂ ತೊಟ್ಟುಕೊಂಡೇ ಈಜಿದಳಲ್ಲ, ಪಾಪ.