ಸೋಮಾರಿ ಬಕೆಟ್ಟು

ಹದಿನಾರು ಹುಡುಗಿಯರು ಆಡಿ ಬಿಚ್ಚಿದ ಮೂವತ್ತೆರಡು ಕಾಲುಚೀಲಗಳು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮುಚ್ಚಳ ಬಿಗಿದುಕೊಂಡು ಅರ್ಧ ದಿನ ಕೂತರೆ ಎಂಥ ವಾಸನೆ ಹುಟ್ಟುತ್ತದೆ ಎನ್ನುವುದನ್ನು ಬರೆದು ತಿಳಿಸಲಾಗದು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷ ದುಡಿದವಳು, ರಕ್ತ, ಕೀವು, ವಾಂತಿ ಯಾವುದಕ್ಕೂ ಮೂಗು ಮುರಿಯದ ತಾಯಿ, ಆ ಮುಚ್ಚಳ ತೆಗೆದ ಮೊದಲ ದಿನ ಒಂದು ಹೆಜ್ಜೆ ಹಿಂದೆ ಸರಿದಳು.

"ಏನೇ ಇದು?"

ಮಗಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದಳು. "ಟೀಮಿನ ಸಾಕ್ಸು. ಬುಧವಾರದೊಳಗೆ ಒಗೆದು ಕೊಡ್ಬೇಕು."

"ನೀನ್ಯಾಕೆ ಒಗೀಬೇಕು?"

"ಈ ವಾರ ನಾನೇ ಕಮ್ಮಿ ಓಡಿದ್ದಂತೆ."

ಹುಡುಗಿಗೆ ಹದಿಮೂರು ವರ್ಷ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಕೂಸೆಂದು ಶಾಲೆಯಲ್ಲಿ ಅವಳನ್ನು ಪಾದರಸ ಎಂದೇ ಕರೆಯುತ್ತಿದ್ದರು. ಆ ವರ್ಷ ಮಕ್ಕಳ ಫುಟ್‌ಬಾಲ್ ಕ್ಲಬ್ಬಿಗೆ ಸೇರಿ ಏಳನೇ ನಂಬರಿನ ಅಂಗಿ ತೊಟ್ಟಿದ್ದಳು. ಅಲ್ಲಿನ ಕೋಚು ದನಿ ಎತ್ತುವ ಮನುಷ್ಯನಲ್ಲ. ಯಾವ ಮಗುವನ್ನೂ ಹೊಡೆದವನಲ್ಲ, ಬೈದವನಲ್ಲ. "ನಾನು ಶಿಕ್ಷೆ ಕೊಡಲ್ಲ, ಮಕ್ಕಳೇ ತೀರ್ಮಾನ ಮಾಡ್ಕೋತಾರೆ" ಎನ್ನುವುದು ಅವನ ಹೆಮ್ಮೆ. ಪ್ರತಿ ಭಾನುವಾರ ಮ್ಯಾಚು ಮುಗಿದ ಮೇಲೆ ಹುಡುಗಿಯರನ್ನು ಸುತ್ತ ಕೂರಿಸಿ ಒಂದೊಂದು ಚೀಟಿ ಹಂಚುತ್ತಿದ್ದ. ಆ ದಿನ ಎಲ್ಲರಿಗಿಂತ ಕಡಿಮೆ ಶ್ರಮಪಟ್ಟವಳ ನಂಬರನ್ನು ಬರೆದು ಮಡಚಿ ಕೊಡಬೇಕು. ಅವನು ಒಂದೊಂದನ್ನೇ ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದ. ಯಾರಿಗೆ ಹೆಚ್ಚು ಚೀಟಿಯೋ ಅವಳ ಮನೆಗೆ ಬಕೆಟ್ಟು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹುಡುಗಿಯರು ಅದಕ್ಕೆ ಸೋಮಾರಿ ಬಕೆಟ್ಟು ಎಂದು ಹೆಸರಿಟ್ಟಿದ್ದರು.

ಇದನ್ನೆಲ್ಲ ಕೇಳಿದ ತಾಯಿಗೆ ಅಂದು ಸಿಟ್ಟು ಬಂದದ್ದು ಕೋಚಿನ ಮೇಲಲ್ಲ. ಸುಳ್ಳು ಹೇಳಿ ಏನು ಪ್ರಯೋಜನ? ಮಗಳ ಮೇಲೆಯೇ ಬಂತು.

"ಒಳ್ಳೇದೇ ಮಾಡಿದ್ದಾರೆ. ಮೈಗಳ್ಳತನ ಮಾಡಿದ್ರೆ ಇನ್ನೇನು ಹಾರ ಹಾಕ್ತಾರಾ? ಸೋಮಾರಿ ಅನ್ನಿಸ್ಕೊಂಡು ಬಂದಿದೀಯಲ್ಲ, ನಾಚ್ಕೆ ಆಗಲ್ವಾ?"

ಮಗಳು ಬಚ್ಚಲಿಗೆ ಹೋಗಿ ಬಕೆಟ್ಟಿಗೆ ಕುದಿಯುವ ನೀರು ಸುರಿಯಲು ಹೊರಟಳು. ಅದನ್ನು ನೋಡಿ ತಾಯಿಗೆ ತಡೆಯಲಾಗಲಿಲ್ಲ. ಗಾಯದ ರಕ್ತ ಅಂಟಿದ ಬಟ್ಟೆಗೆ ಬಿಸಿನೀರು ಹಾಕಿದರೆ ಆ ಕಲೆ ಜನ್ಮದಲ್ಲಿ ಹೋಗುವುದಿಲ್ಲ. "ಸರಿ ಆಚೆ" ಎಂದು ಸೆರಗು ಸಿಕ್ಕಿಸಿ ತಾನೇ ಕೂತಳು. ರಕ್ತದ ಕಲೆ ತಣ್ಣೀರಿನಲ್ಲಿ ಬಿಡಿಸಿದಳು. ಕೆಸರಿನವನ್ನು ಪೂರ್ತಿ ಒಣಗಲು ಬಿಟ್ಟು ಬ್ರಷ್ಷಿನಿಂದ ಉದುರಿಸಿದಳು. ಹುಲ್ಲಿನ ಹಸಿರಿಗೆ ವಿನೆಗರ್ ಹಚ್ಚಿ ನೆನೆಹಾಕಿದಳು. ತನ್ನ ಕೈಯಿಂದ ಹೋದ ಬಟ್ಟೆ ಹೀಗೋ ಹಾಗೋ ಇರಬಾರದು ಎನ್ನುವುದು ಅವಳ ಹಟ, ಅವಳ ಜಂಬ ಕೂಡ. ಬುಧವಾರ ಹದಿನಾರು ಜೊತೆ ಕಾಲುಚೀಲ ಇಸ್ತ್ರಿ ಮಾಡಿಸಿಕೊಂಡು, ಮಲ್ಲಿಗೆಯ ಹಾಗೆ ಬೆಳ್ಳಗಾಗಿ ಹೋದವು.

"ಸರ್ ಎಲ್ರಿಗೂ ಎತ್ತಿ ತೋರಿಸಿದ್ರು" ಎಂದು ಮಗಳು ಬಂದು ಹೇಳಿದಾಗ ತಾಯಿ ಒಳಗೊಳಗೇ ಹಿಗ್ಗಿದಳು.

ಮುಂದಿನ ಭಾನುವಾರ ಬಕೆಟ್ಟು ಮತ್ತೆ ಬಂತು. ಅದರ ಮುಂದಿನ ಭಾನುವಾರವೂ. ನಾಲ್ಕನೆಯದಕ್ಕೆ ತಾಯಿಯ ಬಾಯಿಯೇ ಸೋತಿತ್ತು, ಕೈ ಮಾತ್ರ ಒಗೆಯುತ್ತಿತ್ತು. ಮಗಳು ಬೆಳಗ್ಗೆ ಐದಕ್ಕೇ ಎದ್ದು ಬೀದಿಯಲ್ಲಿ ಓಡತೊಡಗಿದ್ದಳು. ಸಂಜೆ ಅಭ್ಯಾಸ ಮುಗಿಸಿ ಬಂದು ಎರಡು ಸಲ ವಾಂತಿ ಮಾಡಿಕೊಂಡಳು. ಅಕ್ಕಪಕ್ಕದ ಮಕ್ಕಳನ್ನು ನಗಿಸುತ್ತಿದ್ದವಳು ಈಗ ಮಾತಾಡುತ್ತಿದ್ದದ್ದೇ ಅಪರೂಪ. "ಏನಾಗಿದೆಯೇ ನಿಂಗೆ?" ಎಂದರೆ "ಇನ್ನೂ ಓಡ್ಬೇಕಮ್ಮ" ಎನ್ನುವಳು, ಅಷ್ಟೇ.

ಐದನೇ ಭಾನುವಾರ ತಾಯಿ ಪಾಳಿ ಬದಲಿಸಿಕೊಂಡು ಮೈದಾನಕ್ಕೆ ಹೋದಳು. ಮಗಳ ಸೋಮಾರಿತನ ಎಲ್ಲಿ ಅಡಗಿದೆಯೋ ಕಣ್ಣಾರೆ ನೋಡಿಯೇ ಬಿಡೋಣ ಎಂದು.

ನೋಡಿದಳು. ಚೆಂಡು ಈ ತುದಿಯಲ್ಲಿದ್ದರೆ ಏಳನೇ ನಂಬರು ಈ ತುದಿಯಲ್ಲಿ, ಆ ತುದಿಗೆ ಹೋದರೆ ಆ ತುದಿಯಲ್ಲಿ. ಉಳಿದವರು ಸೊಂಟದ ಮೇಲೆ ಕೈಯಿಟ್ಟು ನಿಂತಾಗಲೂ ಇವಳು ಬಾಯಿ ತೆರೆದು ಏದುಸಿರು ಬಿಡುತ್ತ ಓಡುತ್ತಿದ್ದಳು. ಆಟ ಗೊತ್ತಿಲ್ಲದ ಕಣ್ಣಿಗೂ ಅದು ಕಾಣುತ್ತಿತ್ತು.

"ನೀವು ಏಳನೇ ನಂಬರಿನ ತಾಯಿ ಅಲ್ವಾ?" ಬೆಂಚಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ ಕೇಳಿದಳು. ಅವಳು ಗೋಲ್ ಕೀಪರ್ ಹುಡುಗಿಯ ತಾಯಿ. "ಏನು ಕೈಗುಣ ರೀ ನಿಮ್ದು. ಮೊದಲು ಸಾಕ್ಸು ಒಂದೊಂದು ವಾರ ಒಂದೊಂದು ಮನೆಗೆ ಹೋಗ್ತಿತ್ತು, ಮಸಿಬಟ್ಟೆ ಥರ ವಾಪಸ್ ಬರ್ತಿತ್ತು. ಈಗ ನೋಡಿ. ನಾನಂತೂ ನನ್ನ ಮಗಳಿಗೆ ಹೇಳ್ಬಿಟ್ಟಿದೀನಿ, ಸುಮ್ನೆ ಏಳು ಅಂತ ಬರ್ದು ಕೊಡು ಅಂತ. ಎಲ್ರೂ ಹಾಗೇ ಮಾಡೋದು."

"ಅವಳು ಓಡಿದ್ರೂ?"

"ಅಯ್ಯೋ, ಓಡೋದಕ್ಕೂ ಅದಕ್ಕೂ ಏನು ಸಂಬಂಧ? ಒಂದು ಬಕೆಟ್ಟು ಸಾಕ್ಸು ತಾನೇ. ನಿಮಗೆ ಅಭ್ಯಾಸ ಇದೆ. ಕಾಫಿ ತಗೊಳ್ಳಿ."

ತಾಯಿ ಕಾಫಿಗೆ ಕೈ ಚಾಚಲಿಲ್ಲ. ಆ ಹೆಂಗಸಿನ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ತನ್ನಿಂದ ಒಳ್ಳೆಯ ಮಾತೊಂದು ಬಂದಿತು ಎಂಬ ನೆಮ್ಮದಿ ಇತ್ತು, ಹೇಸಿಗೆ ಹುಟ್ಟಿಸಿದ್ದೇ ಅದು. ಅದಕ್ಕಿಂತ ಹೆಚ್ಚಿನ ಹೇಸಿಗೆ ತಾಯಿಗೆ ತನ್ನ ಮೇಲೆಯೇ ಹುಟ್ಟಿತು. ಹುಲ್ಲಿನ ಕಲೆ ಉಳಿಸಿ ಕಳಿಸಿದ್ದರೆ ಒಂದೇ ವಾರಕ್ಕೆ ಮುಗಿಯುತ್ತಿತ್ತು. ಜಂಬಕ್ಕೆ ಬಿದ್ದು ಕಲ್ಲು ಎತ್ತಿ ಹಾಕಿದ್ದಳು, ಅದೂ ತನ್ನ ಕಾಲ ಮೇಲಲ್ಲ, ಮಗಳ ಕಾಲ ಮೇಲೆ.

ಮ್ಯಾಚು ಮುಗಿಯಿತು. ಗೆದ್ದರು. ಹುಡುಗಿಯರು ಸುತ್ತ ಕೂತು ಕಾಲುಚೀಲ ಕಿತ್ತು ಬಕೆಟ್ಟಿಗೆ ಎಸೆದರು. ಚೀಟಿ ಹೋಯಿತು, ಬಂತು. ಕೋಚು ಬಿಡಿಸಿ ಓದಿದ. ಏಳು. ಏಳು. ಏಳು. ಅವನ ದನಿ ಬೆಣ್ಣೆಯ ಹಾಗೆ ಮೆತ್ತಗಿತ್ತು. ಹದಿನಾರು ಚೀಟಿ, ಹದಿನಾರರಲ್ಲೂ ಏಳು.

ತಾಯಿ ಲೆಕ್ಕ ಹಾಕಿದಳು. ಕೂತವರು ಹದಿನಾರೇ ಜನ. ಅವರಲ್ಲಿ ಒಬ್ಬಳು ತನ್ನ ಮಗಳು.

ಅವಳು ಬೆಂಚಿನಿಂದ ಎದ್ದು ಸುತ್ತಿನ ನಡುವೆ ಬಂದಳು. "ಸರ್, ನೀವೂ ಆಟ ನೋಡಿದ್ರಲ್ಲ. ಇವಳು ಕಮ್ಮಿ ಓಡಿದ್ಳಾ?"

"ನನಗೆ ಏನನ್ಸುತ್ತೆ ಅನ್ನೋದು ಮುಖ್ಯ ಅಲ್ಲಮ್ಮ. ಮಕ್ಕಳ ತೀರ್ಮಾನ ಅದು."

"ಸಾಕ್ಸು ಬೆಳ್ಳಗೆ ಬರ್ಲಿ ಅಂತ ಬರೀತಿದ್ದಾರೆ. ನಿಮಗೂ ಗೊತ್ತು."

ಕೋಚು ಅವಳನ್ನು ಸ್ವಲ್ಪ ಪಕ್ಕಕ್ಕೆ ಕರೆದ. ಗೊತ್ತಿಲ್ಲ ಎನ್ನಲಿಲ್ಲ. "ನೋಡಿಯಮ್ಮ, ಮೊದಲ ವಾರ ನಿಮ್ಮ ಮಗಳು ನಿಜವಾಗ್ಲೂ ಸ್ವಲ್ಪ ಸಡಿಲ ಬಿಟ್ಟಿದ್ಳು. ಈಗ ಹೇಗೆ ಓಡ್ತಾಳೆ ನೋಡಿದ್ರಲ್ಲ? ಎರಡು ಪಟ್ಟು. ಬಕೆಟ್ಟು ಕೆಲಸ ಮಾಡಿದೆ. ಕೆಲಸ ಮಾಡ್ತಿರೋದನ್ನ ನಾನ್ಯಾಕೆ ನಿಲ್ಲಿಸ್ಲಿ?"

ಅವನು ಮುಗುಳ್ನಕ್ಕ. ಆ ನಗುವಿಗಿಂತ ಬಕೆಟ್ಟಿನ ವಾಸನೆ ಎಷ್ಟೋ ವಾಸಿ ಎನಿಸಿತು ಅವಳಿಗೆ. ನಾಲ್ಕು ವಾರದ ಹಿಂದೆ ತಾನೂ ಇದೇ ಮಾತನ್ನು ಬೇರೆ ಶಬ್ದಗಳಲ್ಲಿ ಆಡಿದ್ದಳು ಎಂಬುದು ನೆನಪಾಯಿತು.

ಬಕೆಟ್ಟನ್ನು ಎತ್ತಿದವಳೇ ಸುತ್ತಿನ ನಡುವೆ ಬೋರಲು ಹಾಕಿದಳು. ಒದ್ದೆ ಕಾಲುಚೀಲಗಳು ಗುಪ್ಪೆಯಾಗಿ ಬಿದ್ದವು. ಹುಡುಗಿಯರು ಮೂಗು ಮುಚ್ಚಿಕೊಂಡರು, ತಮ್ಮ ಕಾಲಿನ ನಾತಕ್ಕೇ.

"ನಿಮ್ಮ ನಿಮ್ಮದನ್ನ ನೀವೇ ತಗೊಂಡ್ಹೋಗಿ."

ಯಾರೂ ಕದಲಲಿಲ್ಲ. ಕೋಚು ಕೈಕಟ್ಟಿ ನಿಂತ. ಆಗ ಏಳನೇ ನಂಬರಿನ ಹುಡುಗಿ ಎದ್ದು ಬಂದು ಮಂಡಿಯೂರಿ, ಒಂದೊಂದನ್ನೇ ಆರಿಸಿ ಬಕೆಟ್ಟಿಗೆ ಹಾಕತೊಡಗಿದಳು. "ಸಾರಿ ಸರ್. ಅಮ್ಮಂಗೆ ಗೊತ್ತಾಗಲ್ಲ. ಬುಧವಾರ ತಂದುಕೊಡ್ತೀನಿ."

ಕೋಚು ಉಳಿದವರ ಕಡೆ ತಿರುಗಿ, "ನೋಡಿ, ಶಿಸ್ತು ಅಂದ್ರೆ ಇದು" ಎಂದ.

ತಾಯಿ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಅವಳ ಕೈಯಲ್ಲಿದ್ದ ಕಾಲುಚೀಲವನ್ನು ಕಿತ್ತೆಸೆದು ಗೇಟಿನಾಚೆಗೆ ಎಳೆದುಕೊಂಡು ಬಂದಳು. ಬಸ್ ಸ್ಟಾಪಿಗೆ ಬಂದ ಮೇಲೇ ರಟ್ಟೆ ಬಿಟ್ಟಳು.

"ಇನ್ಮೇಲೆ ಅಲ್ಲಿಗೆ ಹೋಗೋದು ಬೇಡ. ನಿನ್ನ ನಂಬರ್ ನೀನೇ ಯಾಕೆ ಬರ್ದೆ?"

"ನಿಜ ಬರೀಬೇಕಲ್ಲ."

"ಯಾವ ನಿಜ? ಎಲ್ಲರಿಗಿಂತ ಜಾಸ್ತಿ ಓಡಿದ್ದು ನೀನು. ನಾನೇ ಕಣ್ಣಾರೆ ನೋಡಿದೀನಿ."

"ಅವತ್ತು ನೋಡ್ದೇನೇ ಸೋಮಾರಿ ಅಂದೆ. ಇವತ್ತು ಅಮ್ಮ ಅಂತ ಹಿಂಗಂತೀಯ." ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ಸರ್ ಹೇಳ್ಲಿ, ಆಗ ನಂಬ್ತೀನಿ."

"ತಪ್ಪಾಯ್ತು ಕಣೇ. ನಾನು ಹಾಗನ್ನಬಾರದಿತ್ತು."

ಬಸ್ಸು ಬಂದು ನಿಂತಿತು. ತಾಯಿ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದೆ ತಿರುಗಿದಳು. ಮಗಳು ಹತ್ತಲಿಲ್ಲ. ಬೂಟಿನೊಳಗೆ ಬರಿಗಾಲು, ಹಿಮ್ಮಡಿಯ ಮೇಲಿನ ಚರ್ಮ ಬೂಟಿನಂಚಿಗೆ ಸುಲಿದು ಕೆಂಪಾಗಿತ್ತು.

"ನೀನು ಹೋಗಿರಮ್ಮ. ನಾನು ಓಡ್ಕೊಂಡೇ ಬರ್ತೀನಿ."

ತಾಯಿ ಇಳಿಯುವಷ್ಟರಲ್ಲಿ ಅವಳು ರಸ್ತೆಯಂಚಿಗೆ ಹೋಗಿ ಓಡತೊಡಗಿದ್ದಳು. "ನಿಲ್ಲೇ, ಸಾಕು ನಿಲ್ಲೇ" ಎಂದು ತಾಯಿ ಹಿಂದಿನಿಂದ ಕೂಗಿದಳು. ಮಗಳಿಗೆ ಮಾತು ಕೇಳಿಸಿತೋ, ಬರೀ ಕೂಗು ಕೇಳಿಸಿತೋ, ತಿರುಗಿ ನೋಡದೆ ಇನ್ನೂ ಜೋರಾಗಿ ಓಡಿದಳು.