ಮಂಡಿನೋವಿನ ಮಾತ್ರೆ

ಅಕ್ಕ ತಂಗಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ತಂಗಿಯ ಗಂಡನನ್ನು ಅಕ್ಕ ನೆಂಟರೆದುರು ದಂಡಪಿಂಡ ಎಂದದ್ದೇ ಕಾರಣ. ಆದರೆ ಅಕ್ಕನ ಜಠರದಲ್ಲಿ ಆರಂಭದ ಹಂತದ ಕ್ಯಾನ್ಸರ್ ಸಿಕ್ಕಿ, ಡಾಕ್ಟರು ಹೊಟ್ಟೆ ಕೊಯ್ಯದೆ ಬಾಯಿಂದಲೇ ಕೊಳವೆ ಇಳಿಸಿ ಅದನ್ನು ಕೆತ್ತಿ ತೆಗೆದಾಗ, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಹೊಲಿಗೆ ಅಂಗಡಿಗೆ ಬೀಗ ಜಡಿದು ತಂಗಿಯೇ ಬಂದಳು.

"ಒಳಗೆ ಹಸಿ ಗಾಯ ಇದೆ," ಎಂದಿದ್ದರು ಡಾಕ್ಟರು, ಮನೆಗೆ ಕಳಿಸುವಾಗ. "ಆಸಿಡ್ ತಗ್ಗಿಸೋ ಮಾತ್ರೆ ತಪ್ಪಿಸಬೇಡಿ. ನೋವಿನ ಮಾತ್ರೆ ಮಾತ್ರ ಮುಟ್ಟಲೇಬಾರದು, ರಕ್ತ ಒಸರುತ್ತೆ. ಮಲ ಕಪ್ಪಗಾದ್ರೆ ತಕ್ಷಣ ಬನ್ನಿ."

ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವವರ ಮೇಲೆ ಕಿರುಚಿ ಕಿರುಚಿ ಅಕ್ಕನಿಗೆ ಮೆತ್ತಗೆ ಮಾತಾಡುವುದೇ ಮರೆತಿತ್ತು. ಗಂಜಿ ಇಟ್ಟರೆ, "ಇದೇನು, ಗೋಡೆಗೆ ಪೋಸ್ಟರ್ ಅಂಟಿಸೋಕಾ?" ಎಂದಳು.

"ಬೇಡದಿದ್ರೆ ಬಿಡು. ನಿನ್ನ ಮುಖ ನೋಡೋ ಆಸೆಗೆ ಬಂದಿಲ್ಲ ನಾನು."

"ಮತ್ತೆ? ಸಾಯೋದು ನೋಡೋಕೆ ಬಂದ್ಯಾ?"

ಒಂದು ಬೆಳಿಗ್ಗೆ ಹಾಸಿಗೆ ಕೊಡವುವಾಗ ದಿಂಬಿನ ಕವರಿನಿಂದ ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ ಬಿತ್ತು. ಮಂಡಿನೋವಿಗೆ ಅಕ್ಕ ಎಷ್ಟೋ ಕಾಲದಿಂದ ನುಂಗುತ್ತಿದ್ದ ಅದೇ ಮಾತ್ರೆ. ತಂಗಿಗೆ ಮೈಯೆಲ್ಲ ಉರಿದುಹೋಯಿತು.

"ಡಾಕ್ಟರಿಗೆ ಹೇಳಿದ್ದೀಯಾ ಇದನ್ನ?"

"ನನ್ನ ಮಂಡಿ, ನನ್ನ ನೋವು. ಕೊಡಿಲ್ಲಿ!"

ತಂಗಿ ಒಂದೊಂದಾಗಿ ಬಿಡಿಸಿ ಎಲ್ಲವನ್ನೂ ಬಚ್ಚಲಿಗೆ ಹಾಕಿದಳು. ಅಕ್ಕ ಕೈಗೆ ಸಿಕ್ಕ ಲೋಟ ಬೀಸಿದಳು. ಅದು ಬಾಗಿಲಿಗೆ ಬಡಿದು ಸೊಟ್ಟಗಾಯಿತು.

"ಹೋಗು, ಆ ದಂಡಪಿಂಡದ ಹತ್ರಾನೇ ಹೋಗು!"

ತಂಗಿ ನಿಜಕ್ಕೂ ಬಟ್ಟೆ ತುಂಬಿಕೊಂಡಳು. ಚಪ್ಪಲಿ ಮೆಟ್ಟುತ್ತಿದ್ದಾಗ ಶೌಚಾಲಯದೊಳಗೆ ದೊಪ್ಪೆಂದು ಸದ್ದಾಯಿತು. ಓಡಿ ನೋಡಿದರೆ ಅಕ್ಕ ಗೋಡೆಗೊರಗಿ ಕುಸಿದಿದ್ದಳು, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಕಮೋಡಿನಲ್ಲಿ ಡಾಂಬರಿನಂಥ ಕಪ್ಪು.

"ಯಾವಾಗಿಂದ ಹೀಗೆ?"

"ನಿನ್ನೆಯಿಂದ. ನಿನಗೆ ಹೇಳಿ ಬೈಸಿಕೊಳ್ಳಬೇಕಿತ್ತಾ?"

ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ಮತ್ತೆ ಕೊಳವೆ ಇಳಿಸಿದರು. ಗಾಯದಂಚಿನ ರಕ್ತನಾಳವೊಂದು ಜಿನುಗುತ್ತಿತ್ತು. ಅದನ್ನು ಸುಟ್ಟು, ಪುಟ್ಟ ಕ್ಲಿಪ್ಪುಗಳನ್ನು ಹಾಕಿ ಮುಚ್ಚಿದರು.

"ನೋವಿನ ಮಾತ್ರೆ ಏನಾದ್ರೂ ತಗೊಂಡ್ರಾ?" ಎಂದು ಡಾಕ್ಟರು ಕೇಳಿದರು.

ತಂಗಿ ಬಾಯಿ ತೆರೆಯುವ ಮೊದಲೇ ಅಕ್ಕ, "ತಗೊಂಡೆ. ಇವಳು ಚೆಲ್ಲಿಬಿಟ್ಟಳು, ಪಿಶಾಚಿ," ಎಂದಳು.

ಡಾಕ್ಟರು ಮಂಡಿಗೆ ಬೇರೆ ಔಷಧಿ ಬರೆದರು. ಮುಂದಿನ ವಾರಗಳಲ್ಲಿ ಅಕ್ಕ ಗಂಜಿಯನ್ನೂ ಮಾತ್ರೆಯನ್ನೂ ಬೈಯುತ್ತಲೇ ನುಂಗಿದಳು. ತಂಗಿ ತಿರುಗಿ ಬೈಯುತ್ತಲೇ ಕೊಟ್ಟಳು. ಗಾಯ ಮಾಯಿತೆಂದು ಡಾಕ್ಟರು ಹೇಳಿದ ಸಂಜೆಯೇ ಅವಳು ಹೊರಟಳು. ಬರ್ತೀನಿ ಎನ್ನಲಿಲ್ಲ, ಅಕ್ಕನೂ ಹೋಗಿ ಬಾ ಎನ್ನಲಿಲ್ಲ.