ಟವರ್ ಮೇಲೆ ಜಬೀನಾ

ವೈರ್‌ಲೆಸ್ ನೆಟ್‌ವರ್ಕ್ ತರಬೇತಿಯ ಕೊನೆಯ ಪರೀಕ್ಷೆ ಕುರಕುಂಟಾ ಊರಿನ ಮೊಬೈಲ್ ಟವರ್‌ನಲ್ಲಿ ನಡೆದಿತ್ತು. ಎಂಜಿನಿಯರಿಂಗ್ ಮುಗಿಸಿದ್ದ ಜಬೀನಾ ಆಂಟೆನಾ ತಿರುಗಿಸಲು ಮೇಲೇರಿದ್ದಳು. ಅವಳ ಜೊತೆಗಾತಿ ಅಂಬಿಕಾ ಕೆಳಗೆ, ಆಂಟೆನಾಕ್ಕೆ ಸಿಗ್ನಲ್ ಕಳಿಸುವ ಯಂತ್ರದ ಬಳಿ ನಿಂತಿದ್ದಳು. ಅಷ್ಟರಲ್ಲಿ ಗಾಳಿ ಬೀಸಿ, ಧೂಳೆದ್ದು ಜಬೀನಾ ಕಾಣದಾದಳು. ಫೋನೂ ಎತ್ತಲಿಲ್ಲ.

"ಟೈಮ್ ಮುಗೀಲಿಕತ್ತದ. ಸ್ವಿಚ್ ಹಾಕು," ಎಂದರು ತರಬೇತುದಾರ ದತ್ತು ಸರ್.

"ಆಕಿ ಆಂಟೆನಾದ ಮುಂದೇ ಇದ್ರ ಅದರ ತರಂಗ ಮೈ ಸುಡ್ತಾವ, ಭಾಳ ಅಪಾಯ ಅದರಿ ಸರ್."

"ಬಾಜೂಕ ಸರದಿರ್ತಾಳ. ಹಾಕಲಿಲ್ಲಂದ್ರ ಇಬ್ಬರೂ ಫೇಲ್."

ಅಂಬಿಕಾ ಯಂತ್ರದ ಫ್ಯೂಸ್ ಕಿತ್ತು ಮುಷ್ಟಿಯಲ್ಲಿ ಹಿಡಿದಳು.

"ಫೇಲ್ ಮಾಡ್ರಿ."

ಧೂಳು ಇಳಿಯಿತು. ಸುರಕ್ಷತಾ ಬೆಲ್ಟ್ ಸಿಕ್ಕಿಕೊಂಡು ಜಬೀನಾ ಆಂಟೆನಾದ ಎದುರಿಗೇ, ಕಂಬಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದಳು.

ದತ್ತು ಸರ್ ಮುಖ ಬಿಳಿಚಿಕೊಂಡಿತು. ತಾವೇ ಹಗ್ಗ ಕಟ್ಟಿಕೊಂಡು ಮೇಲೇರಿ ಅವಳನ್ನು ಇಳಿಸಿದರು. "ನಾಳಿ ಮತ್ತ ಪರೀಕ್ಷಾ ಮಾಡೋಣ," ಎಂದರು ಮೆಲ್ಲಗೆ.